ಬೆಳಿಗ್ಗೆ ಪಾಠ, ಸಂಜೆ ಸಹಾಯಾರ್ಥ ಗಾಯನ: ಗಂಟಲು ಉಳಿಸಿಕೊಳ್ಳುವ ಬಗೆ

ಬೆಳಿಗ್ಗೆ ಸಂಗೀತ ಪಾಠ ಹೇಳಿ ಸಂಜೆ ವೇದಿಕೆಯಲ್ಲಿ ಹಾಡುವ ದಿನ ಗಂಟಲು ಕೆಡುವುದು ಹೆಚ್ಚಾಗಿ ಹಾಡಿನಿಂದಲ್ಲ, ಪಾಠದಲ್ಲಿ ಆಡುವ ಮಾತಿನಿಂದ. ಸ್ವರಗಳನ್ನು ಕೀಬೋರ್ಡಿನಲ್ಲೇ ತೋರಿಸಿ. ಒಂದು ಸಾಲಿಗಿಂತ ಹೆಚ್ಚು ಹಾಡಿ ತೋರಿಸಬೇಡಿ. ಪಿಸುಮಾತನ್ನು ವಿಶ್ರಾಂತಿ ಅಂದುಕೊಳ್ಳಬೇಡಿ, ಸುಮ್ಮನಿರಿ.

ವೇದಿಕೆಗೆ ಮುನ್ನ ಅರ್ಧ ಲೋಟ ನೀರಿನಲ್ಲಿ ಸ್ಟ್ರಾ 2–3 ಸೆಂ.ಮೀ. ಅದ್ದಿ, ಅದರೊಳಗೆ ಊದುತ್ತಾ ‘ಊ’ ಎಂದು ದನಿಯನ್ನು ತಗ್ಗಿನಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ 5 ನಿಮಿಷ ಜಾರಿಸಿ. ಗುಳ್ಳೆ ಒಂದೇ ಸಮ ಏಳಬೇಕು. ತಡೆದು ತಡೆದು ಬಂದರೆ ಉಸಿರಿನ ಒತ್ತಡ ಏರುಪೇರಾಗುತ್ತಿದೆ ಎಂದರ್ಥ. ನೀರನ್ನು ಬೆಳಿಗ್ಗೆಯಿಂದಲೇ ಗುಟುಕು ಗುಟುಕಾಗಿ ಕುಡಿಯಿರಿ. ಕೊನೇ ಗಳಿಗೆಯಲ್ಲಿ ಕುಡಿದದ್ದು ಧ್ವನಿತಂತುಗಳಿಗೆ ಅಷ್ಟು ಬೇಗ ತಲುಪದು.

ಮಾನಿಟರಿನಲ್ಲಿ (ಹಾಡುವವರಿಗೇ ಕೇಳಲೆಂದು ವೇದಿಕೆಯ ಮೇಲಿಡುವ ಸ್ಪೀಕರ್) ನಿಮ್ಮ ದನಿ ವಾದ್ಯಗಳಿಗಿಂತ ಮೇಲಿರಲಿ, ಇಲ್ಲದಿದ್ದರೆ ಗೊತ್ತಿಲ್ಲದೆಯೇ ಕಿರುಚುತ್ತೀರಿ. ದನಿ ದಣಿದಿದ್ದರೆ ಶ್ರುತಿಯನ್ನು ಅರ್ಧ ಸ್ವರ ಇಳಿಸಿ.

ಇನ್ನು ಹಣದ ಮಾತು: ಸಹಾಯಾರ್ಥವೆಂದು ಸಂಭಾವನೆ ಬಿಟ್ಟುಕೊಟ್ಟರೂ, ಮೈಕು-ಸ್ಪೀಕರುಗಳ ಖರ್ಚನ್ನು ಸಂಘಟಕರು ದೇಣಿಗೆಯಿಂದ ಕಳೆಯುತ್ತಾರೋ ಬೇರೆ ಕೊಡುತ್ತಾರೋ ಎಂದು ಮೊದಲೇ ಬರೆಸಿಕೊಳ್ಳಿ.