ಅಪ್‌ಗ್ರೇಡ್ ಆದ ಮೇಲೆ ಡಿಸ್ಕ್ ಏಳುತ್ತಿಲ್ಲವೇ?

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಕರೆಂಟನ್ನು ನಂಬುವ ಹಾಗಿಲ್ಲ. ಒಂದು ಮಧ್ಯಾಹ್ನ ನಮ್ಮ ಆಫೀಸಿನ ಯುಪಿಎಸ್ಸೂ ಕೈಕೊಟ್ಟು, 4 ಸೆಫ್ ಸರ್ವರ್‌ಗಳಲ್ಲಿ ಒಂದು ಆಫ್ ಆಯಿತು. ಮತ್ತೆ ಆನ್ ಮಾಡಿದರೆ ಅದರ ನಾಲ್ಕೂ ಓಎಸ್‌ಡಿ ಡೌನ್. (ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಉಗ್ರಾಣ ಮಾಡುವುದು ಸೆಫ್, ಒಂದೊಂದು ಡಿಸ್ಕನ್ನು ನೋಡಿಕೊಳ್ಳುವ ಪ್ರೋಗ್ರಾಂ ಓಎಸ್‌ಡಿ, ಸಾಮಾನ್ಯವಾಗಿ ಡಿಸ್ಕಿಗೊಂದು.) ಬಿಸಿಲಿಗೆ ಡಿಸ್ಕ್ ಹೋದವು ಅಂದರು ಎಲ್ಲರೂ. ಎಡವಟ್ಟಾಗಿದ್ದು ಮೂರು ವಾರ ಮೊದಲು, ಸೆಫ್‌ನ ಹಳೆ ಆವೃತ್ತಿ ಲುಮಿನಸ್‌ನಿಂದ ಹೊಸ ಆವೃತ್ತಿ ನಾಟಿಲಸ್‌ಗೆ ಅಪ್‌ಗ್ರೇಡ್ ಮಾಡಿದ ದಿನ.

ಮೊದಲೆಲ್ಲ ಸೆಫ್-ಡಿಸ್ಕ್ ಅನ್ನುವ ಟೂಲ್ ಇತ್ತು. ಸರ್ವರ್ ಆನ್ ಆದಾಗ ಪಾರ್ಟಿಶನ್ನಿನ ಗುರುತು ನೋಡಿ ಓಎಸ್‌ಡಿಯನ್ನು ಎಬ್ಬಿಸುತ್ತಿತ್ತು. 2019ರ ನಾಟಿಲಸ್‌ನಲ್ಲಿ ಅದನ್ನು ತೆಗೆದರು, ಈಗ ಆ ಕೆಲಸ ಸೆಫ್-ವಾಲ್ಯೂಮ್‌ನದು, ಹಳೆ ಡಿಸ್ಕ್‌ಗಳನ್ನು ಅದಕ್ಕೆ ನಾವೇ ಪರಿಚಯಿಸಬೇಕು. ಅಪ್‌ಗ್ರೇಡ್ ದಿನ ಡಿಸ್ಕ್ ಮೌಂಟ್ ಆಗಿಯೇ ಇರುತ್ತದೆ, ಏನೂ ಗೊತ್ತಾಗುವುದಿಲ್ಲ. ರೀಬೂಟ್ ಆದಾಗಲೇ ಬಣ್ಣ ಬಯಲು.

ಮೊದಲು ನೋ-ಔಟ್ ಫ್ಲ್ಯಾಗ್ ಹಾಕಿ. ಇಲ್ಲದಿದ್ದರೆ 600 ಸೆಕೆಂಡ್ ಕಳೆದ ಮೇಲೆ ಸೆಫ್ ಆ ಡಿಸ್ಕ್‌ಗಳನ್ನು ಲೆಕ್ಕದಿಂದ ಬಿಟ್ಟು, ಡೇಟಾವನ್ನು ಬೇರೆ ಸರ್ವರ್‌ಗಳಿಗೆ ತುಂಬಲು ಶುರು ಮಾಡುತ್ತದೆ. ಸುಮ್ನೆ ನೆಟ್‌ವರ್ಕ್ ಮೇಲೆ ಹೊರೆ.

ಸೆಫ್-ವಾಲ್ಯೂಮ್‌ನ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ಒಂದು ವ್ಯವಸ್ಥೆ) ಪಟ್ಟಿ ಖಾಲಿ ಬಂದರೆ ಗಾಬರಿ ಬೇಡ. ಹಳೆ ಡಿಸ್ಕ್‌ಗಳು ಎಲ್‌ವಿಎಂ ಅಲ್ಲವೇ ಅಲ್ಲ, ಅಲ್ಲಿ ಕಾಣುವುದಾದರೂ ಹೇಗೆ? ಈ ಹಂತದಲ್ಲಿ ಜ್ಯಾಪ್ ಕಮಾಂಡ್ ಮಾತ್ರ ಮುಟ್ಟಬೇಡಿ. ಅದು ಡಿಸ್ಕನ್ನು ಒರೆಸಿ ಹಾಕುತ್ತದೆ.

ಈಗ 'ಸೆಫ್-ವಾಲ್ಯೂಮ್ ಸಿಂಪಲ್ ಸ್ಕ್ಯಾನ್' ಕೊಟ್ಟು, ಮುಂದೆ ಪಾರ್ಟಿಶನ್ ಹೆಸರು ಬರೆಯಿರಿ. ನಾವು ಎಡವಿದ್ದು ಇಲ್ಲೇ. ಬ್ಲೂಸ್ಟೋರ್ (ಸೆಫ್ ಡೇಟಾವನ್ನು ನೇರ ಡಿಸ್ಕಿಗೆ ಬರೆಯುವ ವಿಧಾನ) ಬಳಸಿದ ಹಳೆ ಡಿಸ್ಕಿನಲ್ಲಿ 100 ಎಂಬಿಯ ಪುಟ್ಟ ಪಾರ್ಟಿಶನ್ ಒಂದಿರುತ್ತದೆ, ಉಳಿದದ್ದೆಲ್ಲ ದೊಡ್ಡದು. ಕೊಡಬೇಕಾದ್ದು ಪುಟ್ಟದನ್ನು, ಓಎಸ್‌ಡಿಯ ನಂಬರು, ಗುರುತು ಎಲ್ಲ ಅದರಲ್ಲೇ ಇರುತ್ತದೆ. ನಾವು ಅರ್ಧ ಗಂಟೆ ದೊಡ್ಡದರ ಹಿಂದೆ ಬಿದ್ದಿದ್ದೆವು. ಸ್ಕ್ಯಾನ್ ಸರಿಯಾದರೆ ಇಟಿಸಿ ಒಳಗಿನ ಸೆಫ್ ಫೋಲ್ಡರಿನ ಓಎಸ್‌ಡಿ ಫೋಲ್ಡರಿನಲ್ಲಿ ಒಂದು ಜೇಸನ್ ಫೈಲ್ ಹುಟ್ಟುತ್ತದೆ. ತೆರೆದು ಓಎಸ್‌ಡಿ ನಂಬರು ಹೊಂದುತ್ತದಾ ನೋಡಿಕೊಳ್ಳಿ.

ಆಮೇಲೆ 'ಸಿಂಪಲ್ ಆಕ್ಟಿವೇಟ್', ಜೊತೆಗೆ 'ಆಲ್'. ಎಲ್ಲ ಅಪ್ ಆದ ಮೇಲೆ ನೋ-ಔಟ್ ತೆಗೆಯಿರಿ. ಇದನ್ನು ಮರೆಯುವವರೇ ಜಾಸ್ತಿ.

ಉಳಿದ ಸರ್ವರ್‌ಗಳು ಇನ್ನೂ ಓಡುತ್ತಿವೆ ಅಲ್ವಾ? ಅಲ್ಲಿ ಪಾರ್ಟಿಶನ್ ಹೆಸರೂ ಬೇಡ, ಬರೀ ಸ್ಕ್ಯಾನ್ ಕೊಟ್ಟರೆ ತಾನೇ ಹುಡುಕಿಕೊಳ್ಳುತ್ತದೆ. ಆಕ್ಟಿವೇಟ್ ಕೂಡ ಮುಗಿಸಿಯೇ ರೀಬೂಟ್ ಮಾಡಿ. ನಾವು ಒಂದನ್ನು ಬೇಕಂತಲೇ ರೀಬೂಟ್ ಮಾಡಿ ನೋಡಿದೆವು, ಯುಪಿಎಸ್ ಪಕ್ಕ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.