ಮೂರು ಗಂಟೆಯ ಪಾಳಿಯಲ್ಲಿ ಅಟ್ಲಾಂಟಿಕ್

ಹನ್ನೊಂದೂವರೆ ಮೀಟರ್ ಉದ್ದದ ಹಾಯಿದೋಣಿಯಲ್ಲಿ ನಾವು ಮೂವರು ಅಟ್ಲಾಂಟಿಕ್ ಸಾಗರವನ್ನು ದಾಟಿದೆವು. ನವೆಂಬರ್ ಕೊನೆಯ ವಾರದಲ್ಲಿ ಆಫ್ರಿಕಾದ ವಾಯವ್ಯ ಕರಾವಳಿಯಾಚೆಗಿನ ಗ್ರಾನ್ ಕನಾರಿಯಾ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಿಂದ ಹೊರಟು, 21 ದಿನಗಳ ನಂತರ ಕೆರಿಬಿಯನ್ ಸಮುದ್ರದಂಚಿನ ಸೇಂಟ್ ಲೂಸಿಯಾ ದ್ವೀಪದ ರಾಡ್ನಿ ಬೇ ತಲುಪಿದೆವು. ದಾರಿ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ ಐದು ಸಾವಿರ ಕಿಲೋಮೀಟರ್. ನಮ್ಮ ವೇಗ ಗಂಟೆಗೆ ಹತ್ತು ಕಿಲೋಮೀಟರ್, ಸೈಕಲ್ಲಿಗಿಂತ ನಿಧಾನ. ಊರಿನಲ್ಲಿ ಎಲ್ಲರೂ ಬಿರುಗಾಳಿಯ ಬಗ್ಗೆ ಕೇಳುತ್ತಾರೆ. ಅಲ್ಲಿ ದಿನಗಳು ಹೇಗೆ ಕಳೆಯುತ್ತವೆ ಎಂಬುದನ್ನು ಕೇಳಿದವರು ಕಡಿಮೆ, ನನಗೆ ಹೇಳಬೇಕೆನಿಸುವುದು ಅದನ್ನೇ.

ಅಟ್ಲಾಂಟಿಕ್‌ನ ಚಂಡಮಾರುತದ ಋತು ನವೆಂಬರ್ 30ಕ್ಕೆ ಮುಗಿಯುತ್ತದೆ. ಆಮೇಲೆ ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡದ ವಲಯದ ದಕ್ಷಿಣ ಅಂಚಿನಲ್ಲಿ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ನೆಲೆ ನಿಲ್ಲುತ್ತವೆ. ಬೆಣ್ಣೆ ಕರಗುವವರೆಗೂ ದಕ್ಷಿಣಕ್ಕೆ ಹೋಗಿ, ಅನಂತರ ಪಶ್ಚಿಮಕ್ಕೆ ತಿರುಗಿ ಎಂಬುದು ಹಳೆಯ ನಾವಿಕರ ಮಾತು. ನಮ್ಮ ಬೆಣ್ಣೆ ಏಳನೆಯ ದಿನ, ಕೇಪ್ ವರ್ಡಿ ದ್ವೀಪಗಳ ಉತ್ತರಕ್ಕೆ, ಡಬ್ಬಿಯಲ್ಲಿ ಎಣ್ಣೆಯಂತಾಯಿತು.

ದೋಣಿಯ ಒಡತಿಯೇ ನಮ್ಮ ನಾಯಕಿ. ಇದಕ್ಕೆ ಮುಂಚೆ ಎರಡು ಸಲ ಇದೇ ದಾರಿಯಲ್ಲಿ ಬಂದವರು. ಅವರು ಹಾಕಿದ ಮೊದಲ ನಿಯಮ ಪಾಳಿಯದು: ಮೂರು ಗಂಟೆ ಕಾವಲು, ಆರು ಗಂಟೆ ಬಿಡುವು. ದಿನಕ್ಕೆ ಎಂಟು ಪಾಳಿಗಳು, ಜನ ಮೂವರು. ಎಂಟನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುವುದರಿಂದ ಪ್ರತಿಯೊಬ್ಬರ ಪಾಳಿಯೂ ದಿನದಿನಕ್ಕೆ ಸರಿಯುತ್ತ ಹೋಗುತ್ತದೆ, ಹೀಗಾಗಿ ನಡುರಾತ್ರಿ ಹನ್ನೆರಡರಿಂದ ಮೂರರ ಪಾಳಿ ಯಾವಾಗಲೂ ಒಬ್ಬರ ಪಾಲಿಗೇ ಬೀಳುವುದಿಲ್ಲ. ಈ ಪುಟ್ಟ ಲೆಕ್ಕ ನಮ್ಮ ನಡುವೆ ಅಸಮಾಧಾನ ಬಾರದಂತೆ ಕಾಯಿತು ಎಂದು ನಾನು ನಂಬಿದ್ದೇನೆ.

ಚುಕ್ಕಾಣಿಯನ್ನು ಗಾಳಿಪಟ್ಟಿಯ ಸ್ವಯಂಚಾಲಿತ ಸಾಧನ ನೋಡಿಕೊಳ್ಳುತ್ತಿತ್ತು. ಅದಕ್ಕೆ ವಿದ್ಯುತ್ ಬೇಡ. ಗಾಳಿಯ ದಿಕ್ಕಿಗೆ ತಕ್ಕಂತೆ ವಾಲುವ ಪಟ್ಟಿಯೊಂದು ನೀರಿನಲ್ಲಿರುವ ಅಲಗನ್ನು ತಿರುಗಿಸುತ್ತದೆ, ಅಲಗಿನ ಮೇಲೆ ಬೀಳುವ ನೀರಿನ ಒತ್ತಡ ಚುಕ್ಕಾಣಿಯನ್ನು ಎಳೆಯುತ್ತದೆ. ಕಾವಲಿನವರ ಕೆಲಸ ಕಣ್ಣಿಡುವುದು. ಸುರಕ್ಷತಾ ಪಟ್ಟಿಯ ಕೊಕ್ಕೆಯನ್ನು ಸಿಕ್ಕಿಸದೆ ಯಾರೂ ಮೆಟ್ಟಿಲು ಹತ್ತಿ ಮೇಲೆ ಬರುವಂತಿರಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಿಂತು ದಿಗಂತವನ್ನು ಸುತ್ತಲೂ ನೋಡಬೇಕು. ಎದುರಿನಿಂದ 18 ನಾಟ್, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿ ವೇಗದಲ್ಲಿ ಬರುವ ಸರಕು ಹಡಗು ಅಷ್ಟರಲ್ಲಿ ನಮಗೆ ಸುಮಾರು ಆರು ನಾಟಿಕಲ್ ಮೈಲಿ ಹತ್ತಿರವಾಗಿರುತ್ತದೆ. ಪಾಳಿ ಮುಗಿಯುವಾಗ ಸ್ಥಾನ, ವೇಗ, ವಾಯುಭಾರ, ಬ್ಯಾಟರಿಯ ಮಟ್ಟ ಇಷ್ಟನ್ನೂ ದಿನಚರಿಯಲ್ಲಿ ಬರೆಯಬೇಕು. ಮೊದಲ ವಾರ ಪ್ರತಿ ಸಂಜೆ ನಾಲ್ಕರ ಹೊತ್ತಿಗೆ ವಾಯುಭಾರಮಾಪಕ ಇಳಿಯುವುದನ್ನು ಕಂಡು ನಾನು ಗಾಬರಿಗೊಂಡಿದ್ದೆ. ಉಷ್ಣವಲಯದಲ್ಲಿ ಅದು ದಿನಕ್ಕೆರಡು ಬಾರಿ ಏರಿಳಿಯುವುದು ಸಹಜ, ಈ ಲಯ ತಪ್ಪಿದಾಗ ಮಾತ್ರ ನನ್ನನ್ನು ಎಬ್ಬಿಸು ಎಂದು ನಾಯಕಿ ಹಿಂದಿನ ದಿನಗಳ ಅಂಕಿಗಳನ್ನು ತೋರಿಸಿ ತಿಳಿಸಿದರು.

ಗಾಳಿ ಬೆನ್ನ ಹಿಂದಿನಿಂದ ಬೀಸುವುದು ವೇಗಕ್ಕೆ ಒಳ್ಳೆಯದು, ಆದರೆ ದೋಣಿ ಹಗಲಿರುಳು ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ಮಲಗುವ ಹಲಗೆಗೆ ಪಕ್ಕದಲ್ಲಿ ಬಟ್ಟೆಯ ತಡೆ ಕಟ್ಟಿಕೊಂಡು, ತೊಟ್ಟಿಲಲ್ಲಿ ಮಲಗಿದಂತೆ ಮಲಗಬೇಕು. ಒಲೆ ತೂಗುಗೀಲಿನ ಮೇಲೆ ನಿಂತಿದ್ದು ದೋಣಿ ವಾಲಿದರೂ ತಾನು ಸಮವಾಗಿರುತ್ತದೆ; ಅಡುಗೆ ಮಾಡುವವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ನಿಲ್ಲುತ್ತಾರೆ. ಈ ಅಡುಗೆಮನೆಗೆ ನಾನು ತಂದ ಕುಕ್ಕರ್ ಬಹಳ ಉಪಕಾರ ಮಾಡಿತು. ಮುಚ್ಚಳ ಭದ್ರವಾಗಿರುವುದರಿಂದ ಅಲೆ ಬಡಿದರೂ ಬಿಸಿ ಸಾರು ಮೈಮೇಲೆ ಚೆಲ್ಲುವುದಿಲ್ಲ. ಅಕ್ಕಿಗೆ ಮೂರು ಪಾಲು ಸಿಹಿನೀರು, ಒಂದು ಪಾಲು ಸಮುದ್ರದ ನೀರು ಹಾಕುತ್ತಿದ್ದೆವು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಾದ್ದರಿಂದ ಬೇರೆ ಉಪ್ಪು ಬೇಕಾಗಲಿಲ್ಲ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ತಲಾ ಮೂರು ಲೀಟರ್ ಸಿಹಿನೀರು, ಸ್ನಾನ ಮತ್ತು ಪಾತ್ರೆ ಸಮುದ್ರದ ನೀರಿನಲ್ಲಿ. ರಟ್ಟಿನ ಪೆಟ್ಟಿಗೆಗಳನ್ನು ಬಂದರಿನಲ್ಲೇ ಬಿಟ್ಟಿದ್ದೆವು, ಅವುಗಳ ಮಡಿಕೆಗಳಲ್ಲಿ ಜಿರಲೆಯ ಮೊಟ್ಟೆಗಳಿರುತ್ತವೆ. ಎಲೆಕೋಸು ಕೊನೆಯವರೆಗೂ ಉಳಿಯಿತು; ಬಾಳೆಗೊನೆ ಮಾತ್ರ ಎರಡೇ ದಿನಗಳಲ್ಲಿ ಪೂರ್ತಿ ಹಣ್ಣಾಯಿತು. ಎರಡನೆಯ ವಾರ ಉಳಿದ ಹಸಿರು ತರಕಾರಿ ಮುಗಿದಾಗ ಹೆಸರುಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನಿಂಬೆಹಣ್ಣು ಹಿಂಡಿ ಕೋಸಂಬರಿ ಮಾಡಿದೆ. ಮರುದಿನದಿಂದ ಕಾಳು ನೆನೆಹಾಕುವುದು ದಿನದ ಕೆಲಸಗಳಲ್ಲಿ ಒಂದಾಯಿತು.

ಬೆಳಗಿನ ಮೊದಲ ಕೆಲಸ ದೋಣಿಯನ್ನು ಒಂದು ಸುತ್ತು ನೋಡಿ ಬರುವುದು. ರಾತ್ರಿ ಹಾರಿ ಬಿದ್ದ ಹಾರುವ ಮೀನುಗಳನ್ನು ತೆಗೆಯಬೇಕು, ಗಾಳಿಪಟ್ಟಿಯ ಅಲಗಿಗೆ ಸುತ್ತಿಕೊಂಡ ಹಳದಿ ಸರ್ಗಾಸಮ್ ಪಾಚಿಯನ್ನು ಕೋಲಿನಿಂದ ಬಿಡಿಸಬೇಕು, ಅನಂತರ ಪ್ರತಿ ಹಗ್ಗವನ್ನೂ ಕೈಯಿಂದ ಸವರಿ ಪರೀಕ್ಷಿಸಬೇಕು. ಹನ್ನೊಂದನೆಯ ಬೆಳಿಗ್ಗೆ ಮುಂಭಾಗದ ಹಾಯಿಯ ಹಗ್ಗದ ಮೇಲೆ ಬೆರಳಾಡಿಸುತ್ತಿದ್ದಾಗ, ಹಾಯಿಯನ್ನು ಹೊರಕ್ಕೆ ಹಿಡಿದಿಡುವ ಗಳುವಿನ ತುದಿಯ ಬಳಿ ಒರಟು ತಾಗಿತು. ನೀಲಿ ಹೊರನೇಯ್ಗೆ ಒಂದು ಅಂಗುಲದಷ್ಟು ಬಿಚ್ಚಿಕೊಂಡು, ಒಳಗಿನ ಬಿಳಿ ಎಳೆಗಳು ಹತ್ತಿಯಂತೆ ಹೊರಬಂದಿದ್ದವು. ಪ್ರತಿ ಹೊರಳಾಟಕ್ಕೂ ಹಗ್ಗ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಉಜ್ಜುತ್ತದೆ. ದಿನಕ್ಕೆ ಸಾವಿರಾರು ಹೊರಳಾಟ. ಆ ಭಾಗವನ್ನು ಕತ್ತರಿಸಿ ಹೊಸದಾಗಿ ಕಟ್ಟಿದೆವು. ಅಂದಿನಿಂದ ಪ್ರತಿ ಬೆಳಿಗ್ಗೆ ಎಲ್ಲ ಹಗ್ಗಗಳನ್ನೂ ಒಂದು ಗೇಣು ಸರಿಸಿ, ಉಜ್ಜುವ ಜಾಗವನ್ನು ಬದಲಿಸಿದೆವು.

ನನ್ನಿಂದ ಆದ ತಪ್ಪೊಂದನ್ನು ಇಲ್ಲಿ ದಾಖಲಿಸಲೇಬೇಕು. ಹದಿನಾಲ್ಕನೆಯ ರಾತ್ರಿ ಎರಡು ಗಂಟೆಗೆ ಹಿಂದಿನ ಆಕಾಶದಲ್ಲಿ ನಕ್ಷತ್ರಗಳು ಒಂದೊಂದಾಗಿ ಮರೆಯಾಗತೊಡಗಿದವು. ಮಳೆಮೋಡ ಬರುತ್ತಿದೆ ಎಂದು ಗೊತ್ತಾದರೂ, ಆಗಷ್ಟೇ ಮಲಗಿದ್ದ ನಾಯಕಿಯನ್ನು ಎಬ್ಬಿಸಲು ಮನಸ್ಸಾಗದೆ ಹತ್ತು ನಿಮಿಷ ಕಾದೆ. ಗಾಳಿ 20 ನಾಟ್‌ನಿಂದ 34ಕ್ಕೆ ಏರಿತು, ದೋಣಿ ಗಾಳಿಯ ಕಡೆಗೆ ತಿರುಗಿ ಪಕ್ಕಕ್ಕೆ ವಾಲಿತು, ಒಳಗಿನ ಪಾತ್ರೆಗಳೆಲ್ಲ ನೆಲಕ್ಕುರುಳಿದವು. ಮೂವರೂ ಸೇರಿ ಮಳೆಯಲ್ಲಿ ಹಾಯಿ ಸುತ್ತುವಷ್ಟರಲ್ಲಿ ಅರ್ಧ ಗಂಟೆ ಹಿಡಿಯಿತು. ನಾಯಕಿ ಬೈಯಲಿಲ್ಲ. ಮರುಸಂಜೆ ಕತ್ತಲಾಗುವ ಮುನ್ನ ಹಾಯಿಯನ್ನು ತಗ್ಗಿಸಿಟ್ಟು, ನನ್ನ ನಿದ್ದೆಗಿಂತ ನಿನ್ನ ಅನುಮಾನ ದೊಡ್ಡದು, ಎಬ್ಬಿಸು ಎಂದರು.

ಹೊನ್ನಾವರದವನಾದ ನನಗೆ ಆ ರಾತ್ರಿಗಳಲ್ಲಿ ಒಂದು ಸಂಗಾತವಿತ್ತು. ದಿಗಂತದಿಂದ ಧ್ರುವ ನಕ್ಷತ್ರ ಎಷ್ಟು ಡಿಗ್ರಿ ಮೇಲಿದೆಯೋ ಅದೇ ಹೆಚ್ಚುಕಡಿಮೆ ನಾವಿರುವ ಅಕ್ಷಾಂಶ. ಲಾಸ್ ಪಾಲ್ಮಾಸ್‌ನಲ್ಲಿ 28 ಡಿಗ್ರಿ ಎತ್ತರದಲ್ಲಿದ್ದ ಅದು ಇಳಿಯುತ್ತ ಬಂದು, ಕೊನೆಯ ರಾತ್ರಿ 14 ಡಿಗ್ರಿಯಲ್ಲಿ ನಿಂತಿತ್ತು. ಶರಾವತಿಯ ಅಳಿವೆಯಲ್ಲಿ ನಿಂತು ನೋಡಿದರೂ ಅದರ ಎತ್ತರ ಅಷ್ಟೇ.

ಅದೇ ರಾತ್ರಿ ಬಲಕ್ಕೆ, ಉತ್ತರದ ಅಂಚಿನಲ್ಲಿ, ಮಾರ್ಟಿನಿಕ್ ದ್ವೀಪದ ದೀಪಗಳ ಮಬ್ಬು ಬೆಳಕು ಕಂಡಿತು. ಬೆಳಗಾದಾಗ ಸೇಂಟ್ ಲೂಸಿಯಾದ ಗುಡ್ಡಗಳು ಎದುರಿಗಿದ್ದವು, ಆದರೆ ಗಾಳಿ ನಮ್ಮ ಹಿಂದಿನಿಂದ ಬೀಸುತ್ತಿದ್ದುದರಿಂದ ನೆಲದ ವಾಸನೆ ಸ್ವಲ್ಪವೂ ಬರಲಿಲ್ಲ. ದ್ವೀಪದ ಉತ್ತರದ ತುದಿಯನ್ನು ಬಳಸಿ, ಪಿಜನ್ ಐಲೆಂಡ್ ದಾಟಿ ಮರೆಯ ನೀರಿಗೆ ತಿರುಗಿದ ಮೇಲೆ ಹೊರಳಾಟ ನಿಂತಿತು. ಆಗ ಒದ್ದೆ ಮಣ್ಣು, ಎಲೆ ಮತ್ತು ಕಟ್ಟಿಗೆಯ ಹೊಗೆಯ ವಾಸನೆ ಒಟ್ಟಿಗೆ ಬಂತು. ಪಾಳಿ ನನ್ನದಾಗಿತ್ತು. ಗಂಟೆ ನೋಡಿ, ದಿನಚರಿಯಲ್ಲಿ ಸ್ಥಾನ ಬರೆದು, ಟಿಪ್ಪಣಿಯ ಅಂಕಣದಲ್ಲಿ ಅದನ್ನೂ ಬರೆದೆ.