ವಿದೇಶದಿಂದ ದೇಣಿಗೆ: ಮೊದಲು ಕೇಳಬೇಕಾದದ್ದು ಯಾವ ಪಾಸ್‌ಪೋರ್ಟ್ ಎಂದು

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಓದಿ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದವರು ಬಹಳ ಮಂದಿ ಇದ್ದಾರೆ. ಊರಿನ ಶಾಲೆಗೆ, ಹಾಸ್ಟೆಲ್ಲಿಗೆ ಏನಾದರೂ ಮಾಡಬೇಕೆಂಬ ಮನಸ್ಸು ಅವರಿಗಿದೆ, ಕೇಳಿದರೆ ಕೊಡುತ್ತಾರೆ. ತೊಡಕಿರುವುದು ಆ ಹಣ ಯಾವ ಖಾತೆಗೆ ಇಳಿಯಬೇಕು ಎಂಬಲ್ಲಿ. ನಮ್ಮದು ಮೈಸೂರಿನಲ್ಲಿ ಕಚೇರಿ ಇರುವ ಸಣ್ಣ ಟ್ರಸ್ಟ್. ಎಚ್.ಡಿ. ಕೋಟೆಯ ಹಾಡಿಗಳಲ್ಲಿ (ಕಾಡಂಚಿನ ಬುಡಕಟ್ಟು ಜನರ ಊರುಗಳು), ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಕಲಿಕೆಗೆ ಸಂಬಂಧಿಸಿದ ಕೆಲಸ. ಇಂಥ ಸಂಸ್ಥೆ ವಿದೇಶದ ದೇಣಿಗೆಯನ್ನು ಹೇಗೆ ನಿಭಾಯಿಸಬಹುದು ಎಂಬುದಷ್ಟನ್ನೇ ಬರೆಯುತ್ತೇನೆ.

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ, ನೋಡುವುದು ದಾನಿಯ ಪೌರತ್ವವನ್ನು. ಹಣ ಡಾಲರಿನಲ್ಲಿ ಬಂತೋ ರೂಪಾಯಿಯಲ್ಲೋ ಎಂಬುದನ್ನಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ, ಟ್ರಸ್ಟಿನ ಮಾಮೂಲಿ ಖಾತೆಗೇ ತೆಗೆದುಕೊಳ್ಳಬಹುದು. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದ ದಿನದಿಂದ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿದ್ದರೂ, ಅವರು ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಅವರು ರಜೆಗೆ ಬಂದು ಸರಸ್ವತಿಪುರಂನ ಬ್ಯಾಂಕಿನಲ್ಲಿರುವ ತಮ್ಮ ಎನ್‌ಆರ್‌ಒ ಖಾತೆಯಿಂದ (ಅನಿವಾಸಿಗಳು ಇಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ರೂಪಾಯಿಯ ಚೆಕ್ ಕೊಟ್ಟರೂ ಅಷ್ಟೇ, ಯುಪಿಐ ಮಾಡಿದರೂ ಅಷ್ಟೇ. ‘ಇಲ್ಲಿನ ಬ್ಯಾಂಕಿನಿಂದಲೇ ಬಂತಲ್ಲ’ ಎಂದು ಸ್ಥಳೀಯ ದೇಣಿಗೆಯ ಪುಸ್ತಕಕ್ಕೆ ಬರೆದುಕೊಳ್ಳುವುದು ಟ್ರಸ್ಟ್‌ಗಳು ಎಡವುವ ಮೊದಲ ಜಾಗ.

ಆದ್ದರಿಂದ ಯಾರಾದರೂ ಕೊಡುತ್ತೇನೆ ಎಂದ ಕೂಡಲೇ ಖಾತೆ ಸಂಖ್ಯೆ ಕಳಿಸುವುದಿಲ್ಲ. ಮೊದಲು ಒಂದು ಸಂದೇಶ: ‘ಸರ್, ನಿಮ್ಮ ಹತ್ತಿರ ಈಗ ಇರುವುದು ಭಾರತದ ಪಾಸ್‌ಪೋರ್ಟೋ ಬೇರೆ ದೇಶದ್ದೋ? ಅದರ ಮೇಲೆ ಯಾವ ಖಾತೆ ಎಂದು ತಿಳಿಸುತ್ತೇವೆ.’ ಭಾರತದ ಪಾಸ್‌ಪೋರ್ಟ್ ಆದರೆ ಅದರ ಮೊದಲ ಪುಟದ ಪ್ರತಿ ಮತ್ತು ‘ಇದು ನನ್ನ ಸ್ವಂತ ಉಳಿತಾಯ’ ಎಂಬ ಒಂದು ಸಾಲಿನ ಪತ್ರ ತರಿಸಿ ಕಡತದಲ್ಲಿಡುತ್ತೇವೆ. ಕೇಳಲು ಸಂಕೋಚ ಬೇಡ. ಕಾರಣ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪ್ರತಿ ವರ್ಷ ಮತ್ತೆ ಕೇಳಬೇಕು, ಏಕೆಂದರೆ ಪೌರತ್ವ ನಡುವೆ ಬದಲಾಗಿರಬಹುದು. ಆನ್‌ಲೈನ್ ದೇಣಿಗೆಯ ಪುಟ ಇದ್ದರೆ ಅಂತರರಾಷ್ಟ್ರೀಯ ಕಾರ್ಡ್ ಸ್ವೀಕರಿಸುವ ಸೌಲಭ್ಯವನ್ನು ಮುಚ್ಚಿಸಿ. ಇಲ್ಲದಿದ್ದರೆ ಯಾರ ಹಣ ಎಂದು ತಿಳಿಯುವ ಮೊದಲೇ ಅದು ಸ್ಥಳೀಯ ಖಾತೆ ಸೇರಿರುತ್ತದೆ.

ವಿದೇಶಿ ಪೌರರಿಂದ, ವಿದೇಶಿ ಸಂಸ್ಥೆಗಳಿಂದ ತೆಗೆದುಕೊಳ್ಳಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಅರ್ಜಿ ಎಫ್‌ಸಿ-3ಎ, ಆನ್‌ಲೈನಿನಲ್ಲೇ. ಸ್ವಯಂಸೇವಾ ಸಂಸ್ಥೆಗಳಿಗಾಗಿ ಸರ್ಕಾರ ನಡೆಸುವ ದರ್ಪಣ್ ಪೋರ್ಟಲ್ಲಿನ ಗುರುತು ಸಂಖ್ಯೆ, ಪದಾಧಿಕಾರಿಗಳ ಆಧಾರ್, ಮೂರು ವರ್ಷದ ಆಡಿಟ್ ವರದಿ, ಟ್ರಸ್ಟ್ ಡೀಡ್ ಸಿದ್ಧವಿರಲಿ. ಡೀಡ್‌ನಲ್ಲಿ, ಪ್ಯಾನ್‌ನಲ್ಲಿ, ದರ್ಪಣ್‌ನಲ್ಲಿ ಟ್ರಸ್ಟಿನ ಹೆಸರು ಅಕ್ಷರಶಃ ಒಂದೇ ಇರಬೇಕು. ‘ಮೈಸೂರು’ ಎಂಬುದರ ಹಳೆಯ ಮತ್ತು ಹೊಸ ಇಂಗ್ಲಿಷ್ ಕಾಗುಣಿತ ಬೇರೆಬೇರೆ ದಾಖಲೆಗಳಲ್ಲಿ ಬೆರೆತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಸ್ಥಳ ಪರಿಶೀಲನೆಗೆ ಬಂದವರು ಹಾಜರಿ ಪುಸ್ತಕ, ವೋಚರ್, ಸಭೆಯ ನಡಾವಳಿ ಕೇಳಿದಾಗ ಕೂಡಲೇ ತೆಗೆದುಕೊಡುವ ಹಾಗಿರಬೇಕು.

15 ಲಕ್ಷದ ಮಟ್ಟ ಮುಟ್ಟದ ಸಂಸ್ಥೆಗೆ ಎಫ್‌ಸಿ-3ಬಿ ಮೂಲಕ ಪೂರ್ವಾನುಮತಿಯ ದಾರಿ ಇದೆ: ಒಬ್ಬ ನಿರ್ದಿಷ್ಟ ದಾನಿ, ಒಂದು ನಿರ್ದಿಷ್ಟ ಕೆಲಸ, ದಾನಿಯ ಒಪ್ಪಿಗೆ ಪತ್ರದೊಂದಿಗೆ. ಅಣ್ಣ ಅಲ್ಲಿ ಸಂಸ್ಥೆ ಕಟ್ಟಿ, ತಮ್ಮ ಇಲ್ಲಿ ಟ್ರಸ್ಟ್ ನಡೆಸುವ ಏರ್ಪಾಡು ನಮ್ಮ ಕಡೆ ಸಾಮಾನ್ಯ. ಅಂಥ ಕಡೆ ಗಮನಿಸಿ: ಇಲ್ಲಿನ ಮುಖ್ಯಸ್ಥರು ಅಲ್ಲಿನ ಸಂಸ್ಥೆಯಲ್ಲಿ ಇರುವಂತಿಲ್ಲ, ಇಲ್ಲಿನ ಆಡಳಿತ ಮಂಡಳಿಯ ಕನಿಷ್ಠ ಶೇ 75ರಷ್ಟು ಜನ ಅಲ್ಲಿನ ಸದಸ್ಯರೂ ನೌಕರರೂ ಅಲ್ಲದವರಾಗಿರಬೇಕು.

2020ರ ತಿದ್ದುಪಡಿಯ ನಂತರ ವಿದೇಶಿ ಹಣ ಬಂದಿಳಿಯಬೇಕಾದದ್ದು ಒಂದೇ ಕಡೆ, ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ. ಅದನ್ನು ತೆರೆಯಲು ದೆಹಲಿಗೆ ಹೋಗಬೇಕಿಲ್ಲ, ಹತ್ತಿರದ ಸ್ಟೇಟ್ ಬ್ಯಾಂಕ್ ಶಾಖೆಯ ಮೂಲಕ ಕಾಗದಪತ್ರ ಕೊಡಬಹುದು. ಅಲ್ಲಿಂದ ಮೈಸೂರಿನ ಬ್ಯಾಂಕಿನಲ್ಲಿರುವ ಬಳಕೆ ಖಾತೆಗೆ ವರ್ಗಾಯಿಸಿಕೊಂಡು ಖರ್ಚು ಮಾಡುವುದು. ಈ ಎರಡೂ ಖಾತೆಗೆ ಸ್ಥಳೀಯ ಹಣ ಒಂದು ರೂಪಾಯಿಯೂ ಬೀಳಬಾರದು. ಆ ಹಣಕ್ಕೆ ಬಂದ ಬಡ್ಡಿಯೂ ವಿದೇಶಿ ವಂತಿಗೆಯೇ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದಾನಿಗೆ ಕಳಿಸುವ ಹಾಳೆಯಲ್ಲಿ ಖಾತೆಯ ವಿವರದ ಜೊತೆಗೆ ಉದ್ದೇಶದ ಕೋಡ್ ಪಿ1303 ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ಧರ್ಮಾರ್ಥ ಸಂಸ್ಥೆಗಳಿಗೆ ಕೊಡುವ ದೇಣಿಗೆಯ ಕೋಡ್ ಅದು. ಮನೆಗೆ ದುಡ್ಡು ಕಳಿಸಿ ರೂಢಿಯಾದವರು ಕುಟುಂಬ ನಿರ್ವಹಣೆಯ ಪಿ1301 ಆರಿಸಿಬಿಡುತ್ತಾರೆ. ಆಗ ಬ್ಯಾಂಕಿಗೆ ವಿವರಣೆ ಕೊಡುವ ಕೆಲಸ ಬೀಳುತ್ತದೆ. ಕಳಿಸಿದ ದಿನವೇ ದಾನಿಯ ಪೂರ್ಣ ಹೆಸರು, ವಿಳಾಸ, ದೇಶ, ಪಾಸ್‌ಪೋರ್ಟ್ ವಿವರ, ಉದ್ದೇಶ ನಮಗೆ ಮಿಂಚಂಚೆಯಲ್ಲಿ ಬರಬೇಕು ಎಂದು ಅದೇ ಹಾಳೆಯಲ್ಲಿ ಬರೆದಿರುತ್ತದೆ. ಕಳಿಸುವ ಶುಲ್ಕ ಯಾರ ಪಾಲಿಗೆ ಎಂಬುದನ್ನೂ ಮೊದಲೇ ಮಾತಾಡಿ, ಇಲ್ಲದಿದ್ದರೆ ನಡುವಿನ ಬ್ಯಾಂಕ್ ಕಡಿತ ಮಾಡಿಕೊಂಡು ಕಡಿಮೆ ಹಣ ಇಳಿಯುತ್ತದೆ. ತಿಂಗಳಿಗೆ 25 ಡಾಲರ್ ಕೊಡುವವರಿಗೆ ವರ್ಷಕ್ಕೊಮ್ಮೆ 300 ಕಳಿಸಿ ಎನ್ನುವುದೇ ಒಳ್ಳೆಯದು. ರಸೀದಿಯಲ್ಲಿ ಖಾತೆಗೆ ಜಮೆಯಾದ ರೂಪಾಯಿ ಮೊತ್ತ, ಜಮೆಯಾದ ದಿನಾಂಕ.

ತೆರಿಗೆ ವಿನಾಯಿತಿಯ ಬಗ್ಗೆ ಸುಳ್ಳು ಆಸೆ ಹುಟ್ಟಿಸಬೇಡಿ. ನಾವು ಕೊಡುವ ತೆರಿಗೆ ವಿನಾಯಿತಿಯ ರಸೀದಿ (80ಜಿ ಎಂದು ಕರೆಯುವುದು) ಉಪಯೋಗಕ್ಕೆ ಬರುವುದು ಭಾರತದಲ್ಲಿ ತೆರಿಗೆ ಕಟ್ಟುವ ಆದಾಯ ಇರುವವರಿಗೆ ಮಾತ್ರ. ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಬೇಕಾದರೆ ದೇಣಿಗೆ ಅಲ್ಲಿನ 501(ಸಿ)(3) ಮಾನ್ಯತೆ ಇರುವ ಸಂಸ್ಥೆಯ ಮೂಲಕ ಬರಬೇಕು. 250 ಡಾಲರ್ ಮತ್ತು ಮೇಲ್ಪಟ್ಟದ್ದಕ್ಕೆ ಆ ಸಂಸ್ಥೆಯ ಲಿಖಿತ ಸ್ವೀಕೃತಿ ಬೇಕು. ಬ್ರಿಟನ್ನಿನಲ್ಲಿ ಅಲ್ಲಿನ ಚಾರಿಟಿಗೆ ಗಿಫ್ಟ್ ಏಡ್ (ದೇಣಿಗೆಗೆ ಸರ್ಕಾರ ತೆರಿಗೆಯ ಪಾಲು ಸೇರಿಸುವ ಯೋಜನೆ) ಅಡಿ ಕೊಟ್ಟರೆ ಪ್ರತಿ ಪೌಂಡಿಗೆ 25 ಪೆನ್ಸ್ ಸೇರುತ್ತದೆ. ಆದರೆ ಈ ಸಂಸ್ಥೆಗಳೂ ವಿದೇಶಿ ಮೂಲವೇ. ಅವರ ಮೂಲಕ ಬಂದರೆ ಭಾರತೀಯ ಪೌರರು ಕೊಟ್ಟ ಪಾಲಿಗೂ ಎಫ್‌ಸಿಆರ್‌ಎ ಖಾತೆಯೇ ಗತಿ.

ಕೇಳುವ ಕಾಲವನ್ನೂ ನೋಡಬೇಕು. ಅಮೆರಿಕದ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಜನ ಕೊಡುವ ಲೆಕ್ಕಾಚಾರ ನವೆಂಬರ್ ಕೊನೆಯಿಂದ ಶುರು. ಹಾಗಾಗಿ ದಸರಾ ಮುಗಿದ ಮೇಲೆ ವರದಿ ಬರೆದು, ದೀಪಾವಳಿಯ ಹೊತ್ತಿಗೆ ಕಳಿಸಿ, ನವೆಂಬರಿನಲ್ಲಿ ಕೇಳುತ್ತೇವೆ. ವಿಡಿಯೊ ಸಭೆ ಭಾನುವಾರ ರಾತ್ರಿ 8ಕ್ಕೆ. ಆಗ ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 10.30, ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ 9.30. ಕನ್ನಡ ಕೂಟಗಳ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಐದು ನಿಮಿಷ ಸಿಕ್ಕರೆ ಒಂದೇ ಕೆಲಸದ ಬಗ್ಗೆ ಮಾತಾಡಿ: ಇಂಥ ಹಾಡಿಯಲ್ಲಿ ಸಂಜೆ ಪಾಠಕ್ಕೆ ಶಿಕ್ಷಕಿಯ ವರ್ಷದ ಸಂಬಳ ಇಷ್ಟು. ಬೇಡಿಕೆಯನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿ, ವಿನಿಮಯ ದರ ಏರಿಳಿಯುವುದಕ್ಕೆ ಸ್ವಲ್ಪ ಜಾಗ ಬಿಟ್ಟು ಡಾಲರಿನಲ್ಲಿ ಹೇಳಿ.

ಖರ್ಚಿನಲ್ಲಿ ಎರಡು ಗೆರೆ ದಾಟುವಂತಿಲ್ಲ. ಒಂದು, ಈ ಹಣವನ್ನು ಬೇರೆ ಯಾವ ಸಂಸ್ಥೆಗೂ ವರ್ಗಾಯಿಸುವಂತಿಲ್ಲ. ಅವರಿಗೂ ನೋಂದಣಿ ಇದ್ದರೂ ಇಲ್ಲ. ಸರ್ಕಾರಿ ಶಾಲೆಗೆ ಬೆಂಚು ಬೇಕು ಎಂದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಹಣ ಹಾಕದೆ, ಟ್ರಸ್ಟಿನ ಹೆಸರಿನಲ್ಲೇ ಬಿಲ್ ಮಾಡಿಸಿ, ಬಡಗಿಗೆ ನೇರವಾಗಿ ಪಾವತಿಸಿ, ಶಾಲೆಯಿಂದ ಸ್ವೀಕೃತಿ ಪತ್ರ ಪಡೆಯುತ್ತೇವೆ. ಇನ್ನೊಂದು, ಆಡಳಿತ ವೆಚ್ಚ ಶೇ 20 ಮೀರಬಾರದು. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ, ಆಡಿಟ್ ಶುಲ್ಕ ಇದರೊಳಗೆ. ಪಾಠ ಹೇಳುವ ಶಿಕ್ಷಕಿಯ ಸಂಬಳ ಇದರೊಳಗಲ್ಲ. ನೇಮಕಾತಿ ಪತ್ರದಲ್ಲಿ ‘ಸಂಯೋಜಕಿ’ ಎಂದು ಬರೆದು ಪಾಠ ಮಾಡಿಸಿದರೆ ಆಡಿಟ್‌ನಲ್ಲಿ ಆ ಸಂಬಳ ಆಡಳಿತದ ಕಡೆಗೆ ಹೋಗಬಹುದು. ಮಾಡುವ ಕೆಲಸವನ್ನೇ ಹುದ್ದೆಯ ಹೆಸರಾಗಿಸಿ.

ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಲೆಕ್ಕದ ಎಫ್‌ಸಿ-4 ಸಲ್ಲಿಸಬೇಕು, ಒಂದು ರೂಪಾಯಿ ಬಾರದ ವರ್ಷವೂ. ಟ್ರಸ್ಟಿಗಳು ಬದಲಾದರೆ 45 ದಿನದೊಳಗೆ ಎಫ್‌ಸಿ-6ಇ ನಮೂನೆಯಲ್ಲಿ ತಿಳಿಸಬೇಕು. ನೋಂದಣಿಗೆ ಐದು ವರ್ಷದ ಆಯಸ್ಸು. ನವೀಕರಣದ ಎಫ್‌ಸಿ-3ಸಿ ಅರ್ಜಿಯನ್ನು ಅವಧಿ ಮುಗಿಯುವ ಕನಿಷ್ಠ ನಾಲ್ಕು ತಿಂಗಳು ಮೊದಲೇ ಹಾಕಬೇಕೆಂದು ಸಚಿವಾಲಯ 2025ರ ಏಪ್ರಿಲ್‌ನಲ್ಲಿ ತಿಳಿಸಿದೆ. ನವೀಕರಣವಾಗದೆ ಅವಧಿ ಮುಗಿದರೆ ಹೊಸ ಹಣ ತೆಗೆದುಕೊಳ್ಳುವಂತಿಲ್ಲ, ಖಾತೆಯಲ್ಲಿರುವುದನ್ನು ಮುಟ್ಟುವಂತೆಯೂ ಇಲ್ಲ, ಶಿಕ್ಷಕಿಯರ ಸಂಬಳ ನಿಂತುಹೋಗುತ್ತದೆ. ಅದಕ್ಕೇ ಒಂದು ವರ್ಷದ ಸಂಬಳದಷ್ಟು ಹಣವನ್ನು ಇಲ್ಲಿನ ದಾನಿಗಳಿಂದ ಎತ್ತಿ ಸ್ಥಳೀಯ ಖಾತೆಯಲ್ಲಿ ಬೇರೆಯಾಗಿ ಇಟ್ಟಿರುತ್ತೇವೆ.